ಕ್ರೀಡಾಪಟುಗಳಿಗೆ ಧ್ಯಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಪಂದ್ಯಕ್ಕೆ ಮುಂಚಿನ ಹೆದರಿಕೆ, ಆಟದ ನಡುವೆ ಏರುವ ಸಿಟ್ಟು, ಸೋತ ರಾತ್ರಿ ನಿದ್ದೆಗೆಡಿಸುವ ಬೇಸರ. ಎಲ್ಲಕ್ಕೂ ‘ಧ್ಯಾನ ಮಾಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಏನು ಮಾಡಬೇಕು, ಎಷ್ಟು ಹೊತ್ತು, ಯಾವಾಗ ಮಾಡಬಾರದು ಎಂಬುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆಟಗಾರರೂ ಕೋಚ್‌ಗಳೂ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಧ್ಯಾನದಿಂದ ಆಟಗಾರನಿಗೆ ಸಿಗುವುದು ಶಾಂತಿಯೇ?

ಸಿಕ್ಕರೂ ಸಿಗಬಹುದು. ಆದರೆ ಅದಕ್ಕೆಂದೇ ಕೂತರೆ ನಿರಾಸೆಯಾಗುತ್ತದೆ. ಇಲ್ಲಿ ಪಳಗಿಸುತ್ತಿರುವುದು ಗಮನವನ್ನು. ಗಮನವನ್ನು ಒಂದು ಕಡೆ ಇಡುತ್ತೀರಿ, ಅದು ಜಾರುತ್ತದೆ, ಜಾರಿದ್ದು ಗೊತ್ತಾಗುತ್ತದೆ, ವಾಪಸ್ ತರುತ್ತೀರಿ. ಈ ನಾಲ್ಕೂ ಸೇರಿದರೆ ಒಂದು ರೆಪ್ (ವ್ಯಾಯಾಮದಲ್ಲಿ ಒಂದು ಸಲ ಮಾಡಿ ಮುಗಿಸಿದಂತೆ). ಸ್ಪರ್ಧೆಯಲ್ಲಿ ಬೇಕಾಗುವುದೂ ಇದೇ: ಕಾಲು ನಡುಗುತ್ತಿದ್ದರೂ, ರೆಫರಿಯ ಮೇಲೆ ಸಿಟ್ಟಿದ್ದರೂ ಮುಂದಿನ ಚೆಂಡಿಗೆ ಕಣ್ಣು ಕೊಡುವುದು. ಹೆದರಿಕೆ ಹೋದ ಮೇಲೆ ಆಡೋಣ ಎಂದು ಕೂತರೆ ಪಂದ್ಯವೇ ಮುಗಿದಿರುತ್ತದೆ.

ಕ್ರೀಡೆಗೆ ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಸಾವಧಾನ ಧ್ಯಾನದ (ಮೈಂಡ್‌ಫುಲ್‌ನೆಸ್) ತರಗತಿಗಳನ್ನು ಶುರುಮಾಡಿದರು; ಎಂಟು ವಾರಗಳ ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. 1984ರ ಒಲಿಂಪಿಕ್ಸ್‌ಗೆ ಮುನ್ನ ಅಮೆರಿಕದ ದೋಣಿ ಹುಟ್ಟುಹಾಕುವ ತಂಡಕ್ಕೂ ಅವರು ಧ್ಯಾನ ಕಲಿಸಿದರು. 1990ರ ದಶಕದಲ್ಲಿ ಜಾರ್ಜ್ ಮಮ್‌ಫೋರ್ಡ್ ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಇದೇ ಕೆಲಸ ಮಾಡಿದರು. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಗಾರ್ಡ್‌ನರ್ ಮತ್ತು ಜೆಲ್ಲಾ ಮೂರ್ ಕ್ರೀಡೆಗೆಂದೇ ಒಂದು ಕ್ರಮ ರೂಪಿಸಿದರು. ಭಾವನೆಯನ್ನು ಹತೋಟಿಗೆ ತರುವ ಬದಲು, ಅದನ್ನು ಇರಲು ಬಿಟ್ಟು ಕೆಲಸದ ಕಡೆ ತಿರುಗುವುದು ಅದರ ತಿರುಳು.

ಮೊದಲ ದಿನ ಏನು ಮಾಡಬೇಕು?

ಕುರ್ಚಿಯಲ್ಲಿ ಕೂರಿ. ಚಕ್ಕಳಮಕ್ಕಳ ಹಾಕಲೇಬೇಕೆಂದಿಲ್ಲ. ಓಟ, ಸ್ಕ್ವಾಟ್ ಮಾಡುವವರ ಸೊಂಟ ಬಿಗಿಯಾಗಿರುತ್ತದೆ; ನೆಲದ ಮೇಲೆ ಕೂತರೆ ಐದನೇ ನಿಮಿಷಕ್ಕೆ ಕಾಲು ಜೋಮು ಹಿಡಿದು ಗಮನವೆಲ್ಲ ಅಲ್ಲೇ ಹೋಗುತ್ತದೆ. ಪಾದಗಳು ನೆಲಕ್ಕೆ ತಾಗಲಿ. ಬೆನ್ನು ನೇರವಿರಲಿ, ಸೆಟೆದಿರಬಾರದು. ಕಣ್ಣು ಮುಚ್ಚಿ, ಇಲ್ಲವೇ ಎರಡು ಮೀಟರ್ ಮುಂದೆ ನೆಲದ ಮೇಲೆ ಇಡಿ. ಐದು ನಿಮಿಷಕ್ಕೆ ಟೈಮರ್ ಹಾಕಿ, ಫೋನನ್ನು ಮಗುಚಿ ಇಡಿ.

ಉಸಿರು ಎಲ್ಲಿ ಚೆನ್ನಾಗಿ ತಿಳಿಯುತ್ತದೆಂದು ನೋಡಿ: ಮೂಗಿನ ಹೊಳ್ಳೆಯೋ, ಎದೆಯೋ, ಹೊಟ್ಟೆಯೋ. ಒಂದನ್ನು ಆರಿಸಿದರೆ ಆ ದಿನ ಬದಲಿಸಬೇಡಿ. ಉಸಿರನ್ನು ನೀವು ಎಳೆಯಬೇಡಿ, ಅದು ಬಂದುಹೋಗುವುದನ್ನು ಗಮನಿಸಿದರೆ ಸಾಕು. ಪ್ರತಿ ಹೊರಉಸಿರಿಗೆ ಒಂದರಂತೆ ಹತ್ತರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ. ಲೆಕ್ಕ ತಪ್ಪಿದರೆ, ಅಥವಾ ಹದಿನೇಳು ಹದಿನೆಂಟು ಎಂದು ಯಾಂತ್ರಿಕವಾಗಿ ಮುಂದೆ ಹೋಗಿದ್ದರೆ, ಮನಸ್ಸು ಎಲ್ಲಿಗೆ ಹೋಗಿತ್ತೆಂದು ಒಂದೇ ಪದದಲ್ಲಿ ಗುರುತಿಸಿ (‘ಯೋಜನೆ’, ‘ನೆನಪು’, ‘ಸಿಟ್ಟು’) ಮತ್ತೆ ಒಂದರಿಂದ ಶುರುಮಾಡಿ. ಪೂರ್ತಿ ವಿಧಾನ ಇಷ್ಟೇ.

ಮನಸ್ಸು ಒಂದು ಕ್ಷಣವೂ ನಿಲ್ಲುವುದಿಲ್ಲ. ನನ್ನಿಂದ ಆಗದ ಕೆಲಸವೇ?

ಐದು ನಿಮಿಷದಲ್ಲಿ ಮೂವತ್ತು ಸಲ ಜಾರಿ ಮೂವತ್ತು ಸಲ ವಾಪಸ್ ಬಂದರೆ ಮೂವತ್ತು ರೆಪ್ ಆಯಿತು. ಚಿಂತಿಸಬೇಕಾದದ್ದು ಬೇರೆ: ಜಾರಿದ್ದೇ ತಿಳಿಯದೆ ಐದೂ ನಿಮಿಷ ಕಳೆದರೆ, ಅಥವಾ ಜಾರಿದಾಗೆಲ್ಲ ನಿಮ್ಮನ್ನೇ ಬೈದುಕೊಂಡರೆ. ಎರಡನೆಯದು ಕ್ರೀಡಾಪಟುಗಳಲ್ಲಿ ಬಹಳ. ತಪ್ಪಿಗೆ ಬೈದುಕೊಳ್ಳುವ ಚಾಳಿ ಅಂಗಳದಿಂದಲೇ ಬಂದಿರುತ್ತದೆ, ಅಭ್ಯಾಸದಲ್ಲಿ ಮೊದಲು ಸಡಿಲಿಸಬೇಕಾದದ್ದೂ ಅದನ್ನೇ.

ಎಷ್ಟು ಹೊತ್ತು, ಎಷ್ಟು ವಾರ?

ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ. ಮೂರು ಮತ್ತು ನಾಲ್ಕನೇ ವಾರ ಎಂಟರಿಂದ ಹತ್ತು. ಆಮೇಲೆ ಹತ್ತರಿಂದ ಹದಿನೈದು ನಿಮಿಷದಲ್ಲಿ ನಿಲ್ಲಿಸಿ. ಬಹುತೇಕರಿಗೆ ಅಷ್ಟು ಸಾಕು. ಭಾನುವಾರ ಒಂದು ಗಂಟೆ ಕೂತು ಉಳಿದ ಆರು ದಿನ ಬಿಡುವುದಕ್ಕಿಂತ ದಿನಾ ಹತ್ತು ನಿಮಿಷ ಮೇಲು. ಎಂಟು ವಾರ ಮುಗಿಯುವವರೆಗೆ ಫಲ ಬಂತೋ ಇಲ್ಲವೋ ಎಂದು ತೀರ್ಮಾನಿಸಬೇಡಿ.

ಋತುವಿನ ಯಾವ ಘಟ್ಟದಲ್ಲಿ ಶುರುಮಾಡುತ್ತೀರಿ ಎನ್ನುವುದೂ ಮುಖ್ಯ. ದೊಡ್ಡ ಸ್ಪರ್ಧೆಗೆ ಹತ್ತು ದಿನವಿರುವಾಗ ಶುರುಮಾಡಿದವರಿಗೆ ಅದು ಇನ್ನೊಂದು ಹೊರೆ. ಮೊದಲ ವಾರಗಳಲ್ಲಿ ಮನಸ್ಸಿನ ಗದ್ದಲ ಹೆಚ್ಚಾದಂತೆ ಕಾಣುತ್ತದೆ, ಏಕೆಂದರೆ ಅದನ್ನು ಈಗಷ್ಟೇ ಗಮನಿಸತೊಡಗಿದ್ದೀರಿ. ಪಂದ್ಯದ ಮುಂದೆ ಇಂಥ ಅನುಭವ ಬೇಡ. ಬುನಾದಿ ತರಬೇತಿಯ ತಿಂಗಳುಗಳಲ್ಲಿ ಕಲಿಯಿರಿ, ಸ್ಪರ್ಧೆಯ ತಿಂಗಳಲ್ಲಿ ಬಳಸಿ.

ದಿನದ ಯಾವ ಹೊತ್ತು ಒಳ್ಳೆಯದು?

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಅಥವಾ ತಾಲೀಮು ಮುಗಿದು ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ. ಹೊಟ್ಟೆ ತುಂಬ ಉಂಡು ಕೂತರೆ ತೂಕಡಿಕೆ ಬರುತ್ತದೆ. ಕಠಿಣ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮಾಡುವ ವೇಗದ ಸುತ್ತುಗಳು) ಮುಗಿಸಿದ ತಕ್ಷಣ ಕೂತರೆ ಉಸಿರು ಇನ್ನೂ ಏದುತ್ತಿರುತ್ತದೆ. ಮೊದಲು ನಡೆದು ಕೂಲ್‌ಡೌನ್ ಮಾಡಿ.

ಸ್ಪ್ರಿಂಟ್, ಭಾರ ಎತ್ತುವುದು, ಜಿಗಿತದಂಥ ಸ್ಫೋಟಕ ಕೆಲಸದ ಮುನ್ನ ಕಾಲುಗಂಟೆ ಕಣ್ಣುಮುಚ್ಚಿ ಕೂರುವುದನ್ನು ನಾವು ಒಪ್ಪುವುದಿಲ್ಲ. ದೇಹ ತಣ್ಣಗಾಗುತ್ತದೆ, ಹುರುಪು ಇಳಿಯುತ್ತದೆ. ಕೂರಲೇಬೇಕೆಂದರೆ ವಾರ್ಮ್‌ಅಪ್‌ಗೆ ಮುಂಚೆ ಕೂರಿ. ವಾರ್ಮ್‌ಅಪ್ ಆದ ಮೇಲೆ ಎರಡು ಮೂರು ಉಸಿರಿನಷ್ಟು ಸಾಕು.

ಪಂದ್ಯಕ್ಕೆ ಮುಂಚೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಏನು ಮಾಡಲಿ?

ಡವಡವ ಎನ್ನುವುದೇ ರೋಗವಲ್ಲ ಎಂಬಲ್ಲಿಂದ ಶುರುಮಾಡಿ. ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಸುಂಡಿಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಬೆಳೆದ ಒಂದು ಕಲ್ಪನೆ ಕ್ರೀಡೆಯಲ್ಲಿ ಇಂದಿಗೂ ಬಳಕೆಯಲ್ಲಿದೆ: ಉದ್ರೇಕ ತೀರ ಕಡಿಮೆಯಾದರೂ ಸಾಧನೆ ಕೆಡುತ್ತದೆ, ತೀರ ಹೆಚ್ಚಾದರೂ ಕೆಡುತ್ತದೆ, ಕೆಲಸ ನಾಜೂಕಾದಷ್ಟೂ ಸರಿಯಾದ ಮಟ್ಟ ಕೆಳಗಿರುತ್ತದೆ. ಭಾರ ಎತ್ತುವವರಿಗೆ ಬೇಕಾದ ಕಾವು ರೈಫಲ್ ಶೂಟರ್‌ಗೆ ಹಾನಿ. ಆದ್ದರಿಂದ ಮೊದಲ ಪ್ರಶ್ನೆ ‘ನನ್ನ ಆಟಕ್ಕೆ ಎಷ್ಟು ಕಾವು ಬೇಕು?’ ಎಂಬುದು. ಚೆನ್ನಾಗಿ ಆಡಿದ ಮೂರು ಪಂದ್ಯ ನೆನಪಿಸಿಕೊಳ್ಳಿ. ಆಗಲೂ ಎದೆ ಹೊಡೆದುಕೊಂಡಿದ್ದೇ ಹೆಚ್ಚು.

ನಿಜಕ್ಕೂ ಇಳಿಸಬೇಕಿದ್ದರೆ ಉಸಿರೇ ಹತ್ತಿರದ ದಾರಿ. ಉಸಿರು ಒಳಗೆ ಹೋಗುವಾಗ ಹೃದಯ ಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ವೇಗಸ್ ನರದ (ಮಿದುಳಿನಿಂದ ಹೃದಯಕ್ಕೆ ಬಂದು ಬಡಿತ ನಿಧಾನಿಸುವ ನರ) ಪ್ರಭಾವದಿಂದ ಇಳಿಯುತ್ತದೆ. ಹಾಗಾಗಿ ಹೊರಉಸಿರನ್ನು ಉದ್ದ ಮಾಡಿ: ಮೂಗಿನಿಂದ ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ಎರಡರಿಂದ ಐದು ನಿಮಿಷ ಸಾಕು. ಅಷ್ಟು ಸಮಯವಿಲ್ಲದಿದ್ದರೆ ಇಮ್ಮಡಿ ಉಸಿರು ಇದೆ: ಮೂಗಿನಿಂದ ಪೂರ್ತಿ ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡುವುದು. ಎರಡು ಮೂರು ಸಲ ಮಾಡಿ. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷ ಒಂದು ತಿಂಗಳು ಹೀಗೆ ಉಸಿರಾಡಿದವರ ಮನಃಸ್ಥಿತಿ ಅಷ್ಟೇ ಹೊತ್ತು ಸಾವಧಾನ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಧ್ಯಾನದ ಪರ ಬರೆಯುವವರು ಇದನ್ನು ಹೇಳದೆ ಬಿಡಬಾರದು.

‘ಜೋರಾಗಿ ಉಸಿರೆಳೆದುಕೋ’ ಎಂಬ ಮಾತು ಎಲ್ಲ ಅಂಗಳದಲ್ಲೂ ಕೇಳುತ್ತದೆ. ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಆಟಗಾರ ಅದನ್ನೇ ಹೆದರಿಕೆ ಎಂದುಕೊಂಡು ಇನ್ನಷ್ಟು ಹೆದರುತ್ತಾನೆ.

ಇನ್ನೊಂದು ಉಪಾಯ: ಇಳಿಸಲು ಹೋಗದೆ ಹೆಸರು ಬದಲಿಸುವುದು. ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮುಂಚೆ, ಭಾಷಣದ ಮುಂಚೆ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ‘ನಾನು ಶಾಂತನಾಗಿದ್ದೇನೆ’ ಎಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಆತಂಕಕ್ಕೂ ಹುರುಪಿಗೂ ದೇಹದಲ್ಲಿ ಹೆಚ್ಚು ಅಂತರವಿಲ್ಲ.

ಕೆಟ್ಟ ಯೋಚನೆ ಬಂದರೆ ಅದುಮಿಬಿಡಬಾರದೇ?

ಅದುಮಲು ಹೋದಷ್ಟೂ ಮರಳಿ ಬರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದು ಹೇಳಿ ನೋಡಿದ ಪ್ರಯೋಗ ಹೆಸರಾಗಿದೆ. ಕ್ರೀಡೆಗೆ ಹೆಚ್ಚು ಹತ್ತಿರದ್ದು 1998ರದು: ಗಾಲ್ಫ್ ಚೆಂಡನ್ನು ಗುರಿ ದಾಟಿಸಬೇಡಿ ಎಂದು ಹೇಳಿ, ಜೊತೆಗೆ ಮನಸ್ಸಿಗೆ ಬೇರೆ ಹೊರೆಯನ್ನೂ ಕೊಟ್ಟಾಗ ಜನ ಗುರಿ ದಾಟಿಸಿಯೇ ಹೊಡೆದರು. ‘ಡಬಲ್ ಫಾಲ್ಟ್ ಬೇಡ’, ‘ಬೀಳಬೇಡ’ ಎಂದು ಕೂಗುವ ಕೋಚ್‌ಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅದುಮುವ ಬದಲು ಹೆಸರಿಡಿ: ‘ಹೆದರಿಕೆ ಇದೆ’. ‘ನಾನು ಹೆದರುಪುಕ್ಕಲ’ ಎಂದಲ್ಲ. ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟಾಗ ಮಿದುಳಿನಲ್ಲಿ ಹೆದರಿಕೆಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಒಂದು ಪದ ಸಾಕು. ‘ಯಾಕೆ ಹೆದರಿಕೆ’ ಎಂದು ಅಗೆಯಲು ಹೊರಟರೆ ಅದು ಧ್ಯಾನವಲ್ಲ, ಚಿಂತೆ.

ಒಂದು ತಪ್ಪಾದರೆ ಸಿಟ್ಟು ಇಳಿಯುವುದೇ ಇಲ್ಲ, ಮುಂದಿನ ನಾಲ್ಕು ಹೊಡೆತಗಳೂ ಕೆಡುತ್ತವೆ. ಆಟದ ನಡುವೆ ಕೂತು ಧ್ಯಾನ ಮಾಡಲಾಗುತ್ತದೆಯೇ?

ಕೂರಲಾಗುವುದಿಲ್ಲ, ಆದರೆ ನಿಯಮ ಕೊಡುವ ಬಿಡುವಿನಲ್ಲಿ ಹಿಡಿಸುವಷ್ಟು ಮಾಡಬಹುದು. ಟೆನಿಸ್‌ನಲ್ಲಿ ಎರಡು ಪಾಯಿಂಟ್‌ಗಳ ನಡುವೆ 25 ಸೆಕೆಂಡ್ ಸಿಗುತ್ತದೆ. ವಾಲಿಬಾಲ್‌ನಲ್ಲಿ ಸೀಟಿ ಊದಿದ ಮೇಲೆ ಸರ್ವ್‌ಗೆ 8 ಸೆಕೆಂಡ್. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋಗೆ 5 ಸೆಕೆಂಡ್. ಫುಟ್‌ಬಾಲ್‌ನಲ್ಲಿ ಚೆಂಡು ಹೊರಗೆ ಹೋದಾಗ ಸಿಕ್ಕಷ್ಟು.

ಟೆನಿಸ್‌ನ 25 ಸೆಕೆಂಡನ್ನು ಹೀಗೆ ಬಳಸಬಹುದು. ಮೊದಲ ಐದು ಸೆಕೆಂಡ್ ಸಿಟ್ಟಿಗೇ ಬಿಡಿ. ರ್‍ಯಾಕೆಟ್ ಹಿಡಿತ ಬಿಗಿಯಾಗಿದೆ, ದವಡೆ ಕಚ್ಚಿದೆ ಎಂದು ಗಮನಿಸಿ, ‘ಸಿಟ್ಟು’ ಎನ್ನಿ. ಬೆನ್ನು ತಿರುಗಿಸಿ ನಡೆಯುತ್ತ ಒಂದು ಉದ್ದ ಹೊರಉಸಿರು ಬಿಡಿ, ಅದರ ಜೊತೆಗೆ ಭುಜ ಇಳಿಸಿ. ರ್‍ಯಾಕೆಟ್ಟಿನ ತಂತಿಗಳ ಮೇಲೆ ಕಣ್ಣು ಇಡಿ. ನೋಟ ಪ್ರೇಕ್ಷಕರತ್ತ, ಕೋಚ್‌ನತ್ತ ಅಲೆಯದಿರಲು ಅದು ಗೂಟ. ಕೊನೆಯ ಹತ್ತು ಸೆಕೆಂಡಿನಲ್ಲಿ ಮುಂದಿನ ಹೊಡೆತ ಎಲ್ಲಿಗೆ ಎಂಬ ಒಂದೇ ತೀರ್ಮಾನ. ಫ್ರೀ ಥ್ರೋಗೆ ಇದೆಲ್ಲ ಹಿಡಿಸುವುದಿಲ್ಲ: ಒಂದು ಹೊರಉಸಿರು, ರಿಮ್‌ನ ಮೇಲೆ ಕಣ್ಣು, ಅಷ್ಟೇ.

ಇದನ್ನು ಪಂದ್ಯದ ದಿನ ಮೊದಲ ಸಲ ಮಾಡಿದರೆ ಕೈಗೂಡುವುದಿಲ್ಲ. ಅಭ್ಯಾಸದಲ್ಲಿ ಬೇಕೆಂದೇ ಕೆರಳಿಸುವ ಸನ್ನಿವೇಶ ಇಡಿ. ಕೋಚ್ ತಪ್ಪು ತೀರ್ಪು ಕೊಡಲಿ, 0–30ರಿಂದ ಆಟ ಶುರುವಾಗಲಿ, ದಣಿದ ಮೇಲೆ ಫ್ರೀ ಥ್ರೋ ಇರಲಿ. ಚೆನ್ನಾಗಿ ಆಡಿದ ಪಾಯಿಂಟ್ ಆದ ಮೇಲೂ ಅದೇ ಕ್ರಮ ಮಾಡಿ. ತಪ್ಪಾದಾಗ ಮಾತ್ರ ಮಾಡಿದರೆ ಅದು ತಪ್ಪಿನ ಗುರುತಾಗಿಬಿಡುತ್ತದೆ, ಎದುರಾಳಿಗೂ ನಿಮ್ಮ ಸ್ಥಿತಿ ತಿಳಿಯುತ್ತದೆ.

ಹೊಡೆಯುವಾಗ, ಓಡುವಾಗಲೂ ದೇಹದ ಮೇಲೆ, ಉಸಿರಿನ ಮೇಲೆ ಗಮನ ಇಡಬೇಕೇ?

ಇಲ್ಲ. ಧ್ಯಾನ ಕಲಿತ ಆಟಗಾರರು ಹೆಚ್ಚಾಗಿ ಎಡವುವುದು ಇಲ್ಲೇ. ಕೂತಾಗ ಗಮನ ಒಳಗಿರುತ್ತದೆ. ಅದನ್ನೇ ಆಟಕ್ಕೆ ಎಳೆದು ತಂದು ಮೊಣಕೈ ಎಲ್ಲಿದೆ, ಮಣಿಕಟ್ಟು ಹೇಗಿದೆ ಎಂದು ನೋಡುತ್ತ ಹೊಡೆದರೆ ವರ್ಷಗಳಿಂದ ತಾನಾಗಿ ನಡೆಯುತ್ತಿದ್ದ ಚಲನೆ ತುಂಡಾಗುತ್ತದೆ. ಚಲನೆಯ ಕಲಿಕೆಯ ಬಗ್ಗೆ ಗೇಬ್ರಿಯಲ್ ವುಲ್ಫ್ ಅವರ ದೀರ್ಘಕಾಲದ ಸಂಶೋಧನೆ ಹೇಳುವುದೂ ಇದನ್ನೇ: ಗಮನ ಅಂಗದ ಮೇಲಿರುವುದಕ್ಕಿಂತ ಚಲನೆಯ ಪರಿಣಾಮದ ಮೇಲೆ, ಅಂದರೆ ಗುರಿ, ಚೆಂಡಿನ ದಾರಿ, ನೆಲವನ್ನು ಒತ್ತುವುದರ ಮೇಲೆ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಓಟಗಾರರ ಮೇಲೆ 2009ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಉಸಿರಾಟ ಅಥವಾ ಓಟದ ಚಲನೆಯ ಮೇಲೆಯೇ ಗಮನ ಇಟ್ಟವರು ಅದೇ ವೇಗಕ್ಕೆ, ಸುತ್ತಲಿನ ದೃಶ್ಯದ ಮೇಲೆ ಗಮನ ಇಟ್ಟಾಗ ಬಳಸಿದ್ದಕ್ಕಿಂತ ಹೆಚ್ಚು ಆಮ್ಲಜನಕ ಬಳಸಿದರು.

ಹಾಗೆಂದು ದೂರದ ಓಟದಲ್ಲಿ ದೇಹವನ್ನು ಮರೆತೂ ಆಗದು. ಕಿಲೋಮೀಟರಿಗೆ ಒಂದು ಸಲ ಹತ್ತು ಸೆಕೆಂಡಿನ ತಪಾಸಣೆ ಮಾಡಿ: ಹಣೆ, ದವಡೆ, ಭುಜ, ಮುಷ್ಟಿ. ಬಿಗಿಯಾದದ್ದನ್ನು ಸಡಿಲಿಸಿ ಕಣ್ಣನ್ನು ರಸ್ತೆಗೆ ವಾಪಸ್ ಕೊಡಿ.

ದಣಿವಿನ ಉರಿಯನ್ನು ಧ್ಯಾನದಿಂದ ತಾಳಬಹುದೇ?

ಒಂದು ಮಟ್ಟಕ್ಕೆ. ‘ಇನ್ನು ಆಗದು’ ಎಂಬ ಮಾತನ್ನೂ ತೊಡೆಯ ಉರಿಯನ್ನೂ ಬೇರೆ ಬೇರೆಯಾಗಿ ನೋಡಲು ಕಲಿತವರು ಕೊನೆಯ ಎರಡು ಇಂಟರ್ವಲ್‌ಗಳನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಆದರೆ ಎರಡೂ ಕಾಲಲ್ಲಿ ಸಮನಾಗಿ ಹರಡಿ, ವೇಗ ತಗ್ಗಿಸಿದರೆ ಇಳಿಯುವ ಉರಿ ಬೇರೆ. ಒಂದೇ ಬಿಂದುವಿನಲ್ಲಿ ಚುಚ್ಚುವ, ಏಕಾಏಕಿ ಬಂದ, ಕೀಲಿನೊಳಗಿನ, ನಡಿಗೆಯನ್ನೇ ಬದಲಿಸುವ ನೋವು ಬೇರೆ. ಎರಡನೆಯದನ್ನು ‘ಗಮನಿಸುತ್ತ’ ಓಡಬೇಡಿ, ನಿಲ್ಲಿಸಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ರಾತ್ರಿ ಪಂದ್ಯದ ನಂತರ ನಿದ್ದೆ ಬರುವುದಿಲ್ಲ.

ಕೂತು ಮಾಡುವ ಧ್ಯಾನಕ್ಕಿಂತ ಇಲ್ಲಿ ಸ್ನಾಯು ಬಿಗಿದು ಬಿಡುವ ವಿಧಾನ ಒಳ್ಳೆಯದು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕನ್ ವೈದ್ಯ 20ನೇ ಶತಮಾನದ ಮೊದಲರ್ಧದಲ್ಲಿ ರೂಪಿಸಿದ್ದು ಇದು. ಅಂಗಾತ ಮಲಗಿ. ಒಂದು ಸ್ನಾಯುಗುಂಪನ್ನು ಐದಾರು ಸೆಕೆಂಡ್ ಅರ್ಧ ಶಕ್ತಿಯಲ್ಲಿ ಬಿಗಿದು, ಒಮ್ಮೆಲೆ ಬಿಟ್ಟು, ಇಪ್ಪತ್ತು ಮೂವತ್ತು ಸೆಕೆಂಡ್ ಆ ವ್ಯತ್ಯಾಸವನ್ನು ಗಮನಿಸಿ. ಪಾದದಿಂದ ಶುರುವಾಗಿ ಮೀನಖಂಡ, ತೊಡೆ, ಪೃಷ್ಠ, ಹೊಟ್ಟೆ, ಮುಷ್ಟಿ, ತೋಳು, ಭುಜ, ಮುಖ. ಒಟ್ಟು ಹತ್ತರಿಂದ ಹದಿನೈದು ನಿಮಿಷ. ಮೀನಖಂಡಕ್ಕೆ ಬಂದಾಗ ಪಾದವನ್ನು ಕೆಳಗೆ ಚಾಚಬೇಡಿ, ದಣಿದ ಕಾಲಿಗೆ ಸೆಳೆತ ಹಿಡಿಯುತ್ತದೆ. ಬೆರಳನ್ನು ನಿಮ್ಮತ್ತ ಎಳೆದುಕೊಳ್ಳಿ. ಗಾಯವಾದ ಜಾಗವನ್ನು ಬಿಗಿಯದೆ ಗಮನವನ್ನಷ್ಟೇ ಕೊಟ್ಟು ಮುಂದೆ ಹೋಗಿ.

ಪಂದ್ಯವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಧ್ಯಾನವೇ?

ಬೇರೆ ಕೌಶಲ. ಧ್ಯಾನದಲ್ಲಿ ಈಗ ಇರುವುದನ್ನು ನೋಡುತ್ತೀರಿ, ಚಿತ್ರಣದಲ್ಲಿ ಬರಲಿರುವುದನ್ನು ಕಟ್ಟುತ್ತೀರಿ. ಜೋಡಿಸಬಹುದು: ಐದು ನಿಮಿಷ ಉಸಿರು, ಆಮೇಲೆ ಐದು ನಿಮಿಷ ಚಿತ್ರಣ. ಚಿತ್ರಣ ನಿಜವಾದ ವೇಗದಲ್ಲೇ ನಡೆಯಲಿ, ಆಟದ ಬೂಟು ಹಾಕಿಕೊಂಡು ನಿಂತು ಮಾಡಿದರೆ ಇನ್ನೂ ಒಳ್ಳೆಯದು. ಗೆದ್ದು ಕೈ ಎತ್ತುವ ದೃಶ್ಯಕ್ಕಿಂತ ತಪ್ಪಾದ ಮೇಲೆ ಚೇತರಿಸಿಕೊಳ್ಳುವ ದೃಶ್ಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ್ಯಪ್ ಬಳಸಬಹುದೇ?

ಮೊದಲ ತಿಂಗಳು ಬಳಸಿ. ಆಮೇಲೆ ವಾರಕ್ಕೆ ಎರಡು ದಿನವಾದರೂ ಧ್ವನಿಯಿಲ್ಲದೆ ಕೂರಿ, ಅಂಗಳದಲ್ಲಿ ಇಯರ್‌ಫೋನ್ ಇರುವುದಿಲ್ಲ.

ತಂಡಕ್ಕೆ ಕಲಿಸುವುದು ಹೇಗೆ?

ತಾಲೀಮಿನ ವೇಳಾಪಟ್ಟಿಯೊಳಗೇ ಹಾಕಿ, ಕೊನೆಯಲ್ಲಿ ಐದು ನಿಮಿಷ. ಕೋಚ್ ಕೂಡ ಕೂರಬೇಕು. ಅವರು ನಿಂತು ಮೊಬೈಲ್ ನೋಡುತ್ತಿದ್ದರೆ ಆಟಗಾರರು ಎರಡನೇ ವಾರಕ್ಕೆ ಬಿಡುತ್ತಾರೆ. ಕಣ್ಣು ಮುಚ್ಚಲೇಬೇಕೆಂಬ ಒತ್ತಾಯ ಬೇಡ. ಶಿಕ್ಷೆಯಾಗಿ ಕೂರಿಸುವುದಂತೂ ಕೂಡದು. ಹನ್ನೆರಡರೊಳಗಿನ ಮಕ್ಕಳಿಗೆ ಎರಡು ಮೂರು ನಿಮಿಷ ಸಾಕು.

ಇದರಿಂದ ಹಾನಿ ಆಗಬಹುದೇ?

ಕೆಲವರಿಗೆ ಆಗುತ್ತದೆ. ಹಿಂದೆ ಆಘಾತ ಅನುಭವಿಸಿದವರಿಗೆ, ಪ್ಯಾನಿಕ್ ಬರುವವರಿಗೆ, ಉಸಿರಿನ ಮೇಲೆ ಗಮನ ಇಟ್ಟಾಗಲೇ ಉಸಿರು ಕಟ್ಟಿದಂತಾಗಬಹುದು. ಅಂಥವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವ ಅನುಭವವನ್ನೋ ಸುತ್ತಲಿನ ಸದ್ದನ್ನೋ ಹಿಡಿಯಲಿ, ಎರಡು ನಿಮಿಷಕ್ಕೆ ನಿಲ್ಲಿಸಲಿ. ಮೈ ತನ್ನದಲ್ಲವೆಂಬ ಭಾವ, ಬೇಡದ ನೆನಪುಗಳ ದಾಳಿ ಬಂದರೆ ನಿಲ್ಲಿಸಿ ಮನೋವೈದ್ಯರ ಸಲಹೆ ಪಡೆಯಬೇಕು.

ಈಜುಗಾರರಿಗೆ ಒಂದು ಕಟ್ಟುನಿಟ್ಟಿನ ಮಾತು. ಉಸಿರು ಹಿಡಿಯುವ ಅಥವಾ ವೇಗವಾಗಿ ಉಸಿರಾಡುವ ಯಾವ ಅಭ್ಯಾಸವನ್ನೂ ನೀರಿನಲ್ಲಿ ಮಾಡಬೇಡಿ. ವೇಗದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಇಳಿದಿರುವಾಗ ‘ಉಸಿರು ಬೇಕು’ ಎಂಬ ಒತ್ತಡ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರ ಇಳಿದು, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಇದರಿಂದ ಪಳಗಿದ ಈಜುಗಾರರೂ ಸತ್ತಿದ್ದಾರೆ.

ಫಲ ಸಿಗುತ್ತಿದೆಯೋ ಎಂದು ತಿಳಿಯುವುದು ಹೇಗೆ?

ಕೂತಾಗ ಎಷ್ಟು ಹಿತವಾಗಿತ್ತು ಎಂಬುದರಿಂದ ಅಳೆಯಬೇಡಿ. ತರಬೇತಿ ಡೈರಿಯಲ್ಲಿ ಮೂರು ಸಾಲು ಸೇರಿಸಿ: ತಪ್ಪಾದ ಮೇಲೆ ಮನಸ್ಸು ಆಟಕ್ಕೆ ಮರಳಲು ಎಷ್ಟು ಪಾಯಿಂಟ್ ಅಥವಾ ನಿಮಿಷ ಹಿಡಿಯಿತು; ಅಂದಿನ ತಾಲೀಮು ಹತ್ತರಲ್ಲಿ ಎಷ್ಟು ಕಠಿಣ ಅನಿಸಿತು; ನಿದ್ದೆ ಎಷ್ಟು ಗಂಟೆ. ಮೊದಲನೆಯದರಲ್ಲೇ ಬದಲಾವಣೆ ಮುಂಚೆ ಕಾಣುತ್ತದೆ. ಸಿಟ್ಟು ಮೊದಲಿನಷ್ಟೇ ಬರುತ್ತಿರುತ್ತದೆ, ಉಳಿಯುವ ಹೊತ್ತು ಕಡಿಮೆಯಾಗುತ್ತದೆ.

ಎಂಟು ವಾರ ಮಾಡಿದೆ, ಏನೂ ಬದಲಾಗಲಿಲ್ಲ.

ಮೊದಲು ಧ್ಯಾನವನ್ನು ಬಿಟ್ಟು ಉಳಿದದ್ದನ್ನು ನೋಡಿ. ಬೆಳಗಿನ ಹೃದಯ ಬಡಿತ ದಿನಗಟ್ಟಲೆ ಎಂದಿಗಿಂತ ಮೇಲಿದೆಯೇ, ಹಳೆಯ ವೇಗಕ್ಕೆ ಹೆಚ್ಚು ದಣಿಯುತ್ತಿದ್ದೀರಾ, ಹಸಿವು ಕುಗ್ಗಿದೆಯೇ, ಸಣ್ಣದಕ್ಕೂ ರೇಗುತ್ತಿದ್ದೀರಾ? ಇವು ಅತಿ ತರಬೇತಿಯ ಲಕ್ಷಣಗಳಾಗಿರಬಹುದು. ಅದಕ್ಕೆ ಬೇಕಾದದ್ದು ವಿಶ್ರಾಂತಿ ಮತ್ತು ಊಟ. ಧ್ಯಾನದಿಂದ ಅದನ್ನು ಮುಚ್ಚಿಟ್ಟರೆ ಗಾಯದಲ್ಲಿ ಮುಗಿಯುತ್ತದೆ. ಮಂಕು, ನಿರಾಸಕ್ತಿ ಎರಡು ವಾರ ದಾಟಿದರೆ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ.

ಅದೇನೂ ಇಲ್ಲವೆಂದಾದರೆ, ಕೂತು ಕಲಿತದ್ದು ಅಂಗಳಕ್ಕೆ ಇಳಿದಿಲ್ಲ ಎಂದೇ ಹೆಚ್ಚಾಗಿ ಅರ್ಥ. ಕೂರುವ ಹೊತ್ತನ್ನು ಐದು ನಿಮಿಷಕ್ಕೆ ಇಳಿಸಿ, ಮಿಕ್ಕ ಸಮಯವನ್ನು ತಾಲೀಮಿನ ಸೆಟ್‌ಗಳ ನಡುವಿನ ವಿರಾಮಕ್ಕೆ ಹಂಚಿ: ಪ್ರತಿ ವಿರಾಮದಲ್ಲಿ ಫೋನ್ ಮುಟ್ಟದೆ ಮೂರು ಉಸಿರು, ನಂತರ ಮುಂದಿನ ಸೆಟ್‌ನಲ್ಲಿ ಗಮನಿಸಬೇಕಾದ ಒಂದೇ ಅಂಶ. ನಾಲ್ಕು ವಾರ ಇದನ್ನು ಮಾಡಿ ಡೈರಿಯ ಮೊದಲ ಸಾಲನ್ನು ಮತ್ತೆ ನೋಡಿ.